ಸಂಪಾದಕರ ಉತ್ತರ: ಪ್ರಶ್ನಿಸುವವರಿಲ್ಲದ ಬಹುಮತ

ಮಾನ್ಯರೇ,

ಇಂಡೊನೇಷ್ಯಾದ ಅಧ್ಯಕ್ಷ ಪ್ರಬೊವೊ ಸುಬಿಯಾಂತೊ ಅವರ ಆಡಳಿತವನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನ ನಿಮಗೆ ಬೇಸರ ತಂದಿದೆ. ಶೇ 58ಕ್ಕೂ ಹೆಚ್ಚು ಮತ ಪಡೆದ ನಾಯಕನನ್ನು, ಅವರು 2024ರ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡು ಐದೇ ತಿಂಗಳು ಕಳೆದಿರುವಾಗ, ಇಷ್ಟು ದೂರ ಕುಳಿತು ಅನುಮಾನಿಸುವುದು ಆ ದೇಶದ ಮತದಾರರಿಗೆ ಮಾಡುವ ಅಗೌರವ ಎಂದು ನೀವು ಬರೆದಿದ್ದೀರಿ. ನಮ್ಮ ಬಿಸಿಯೂಟದಂಥದೇ ಯೋಜನೆಯನ್ನು ತನ್ನ ದೇಶದ ಮಕ್ಕಳಿಗೆ ತಂದವರಲ್ಲಿ ನಿಮಗೆ ಒಳ್ಳೆಯದೇನೂ ಕಾಣಲಿಲ್ಲವೇ ಎಂದು ಕೇಳಿದ್ದೀರಿ. 1998ರಲ್ಲಿ ಸೇನೆಯವರಿಂದ ಅಪಹರಣಕ್ಕೊಳಗಾಗಿದ್ದವರೇ ಇಂದು ಅವರ ಸರ್ಕಾರದಲ್ಲಿ ಕುಳಿತಿರುವಾಗ ಹಳೆಯ ಗಾಯವನ್ನು ಕೆದಕಲು ನಾವು ಯಾರು ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. 2025ರ ಜನವರಿ 26ರಂದು ದೆಹಲಿಯ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದವರ ಬಗ್ಗೆ ಕನಿಷ್ಠ ಒಂದು ವರ್ಷವಾದರೂ ತೀರ್ಪು ಕೊಡದೆ ಇರಬೇಕೆಂದು ಸಲಹೆಯನ್ನೂ ಕೊಟ್ಟಿದ್ದೀರಿ. ಗಂಭೀರವಾಗಿ ಬರೆದ ಪತ್ರವಾದ್ದರಿಂದ ಉತ್ತರ ತುಸು ದೀರ್ಘವಾಗುತ್ತದೆ.

ಜನಾದೇಶದ ಬಗ್ಗೆ ನಮಗೆ ತಕರಾರಿಲ್ಲ. 2014ರಲ್ಲಿ ಮತ್ತು 2019ರಲ್ಲಿ ಸೋತ ವ್ಯಕ್ತಿ, 2024ರ ಫೆಬ್ರುವರಿ 14ರ ಚುನಾವಣೆಯಲ್ಲಿ ಸುಮಾರು 9.6 ಕೋಟಿ ಮತಗಳನ್ನು ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. ನಮ್ಮ ಅನುಮಾನ ಹುಟ್ಟುವುದು ಆ ಗೆಲುವಿನ ನಂತರ ನಡೆದ ಸಂಗತಿಗಳಿಂದ. ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ 580 ಸ್ಥಾನಗಳಿವೆ, ಎಂಟು ಪಕ್ಷಗಳಿವೆ. ಚುನಾವಣೆಯಲ್ಲಿ ಪ್ರಬೊವೊ ಅವರ ಎದುರಾಳಿಯ ಪರವಾಗಿ ಊರೂರು ಸುತ್ತಿ ಮತ ಕೇಳಿದ್ದ ಪಕ್ಷಗಳೂ ಫಲಿತಾಂಶ ಬಂದ ಮೇಲೆ ಒಂದೊಂದಾಗಿ ಆಡಳಿತ ಕೂಟದ ಕಡೆಗೆ ಸರಿದವು. ಕೊನೆಗೆ ಹೊರಗೆ ಉಳಿದದ್ದು 110 ಸ್ಥಾನಗಳ ಪಿಡಿಐ-ಪಿ ಎಂಬ ಪಕ್ಷ ಒಂದೇ. ಅದು ಕೂಡ ತಾನು ವಿರೋಧ ಪಕ್ಷವೆಂದು ಸ್ಪಷ್ಟವಾಗಿ ಘೋಷಿಸಿಕೊಂಡಿಲ್ಲ. ಇಷ್ಟೊಂದು ಮಂದಿಗೆ ಜಾಗ ಬೇಕಾಯಿತು. ಸಚಿವಾಲಯಗಳ ಸಂಖ್ಯೆ 34ನ್ನು ಮೀರಬಾರದೆಂಬ ಮಿತಿಯನ್ನು ಪ್ರಮಾಣವಚನಕ್ಕೆ ಒಂದು ತಿಂಗಳು ಮೊದಲು ಕಾನೂನು ತಿದ್ದುಪಡಿಯ ಮೂಲಕ ತೆಗೆದುಹಾಕಲಾಯಿತು. ಪ್ರಮಾಣವಚನ ಸ್ವೀಕರಿಸಿದ ಸಚಿವರು 48, ಉಪಸಚಿವರು 56. ಇಷ್ಟಕ್ಕೇ ಸಂಪುಟ ನೂರನ್ನು ದಾಟಿತು, ಸಮಾನ ದರ್ಜೆಯವರು ಬೇರೆ. ಗೆದ್ದವರ ವಿರುದ್ಧ ಮತ ಹಾಕಿದ ಶೇ 41ರಷ್ಟು ಮತದಾರರ ಪರವಾಗಿ ಸದನದಲ್ಲಿ ಎದ್ದು ನಿಂತು ಮಾತಾಡುವವರು ಯಾರು? ನಮ್ಮ ಲೇಖನದ ಮೂಲ ಪ್ರಶ್ನೆ ಇದೇ ಆಗಿತ್ತು, ಅದು ಮತದಾರರ ಮೇಲಿನ ಗೌರವದಿಂದಲೇ ಬಂದದ್ದು.

ಉಪಾಧ್ಯಕ್ಷರ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ. ಹಿಂದಿನ ಅಧ್ಯಕ್ಷ ಜೋಕೊ ವಿಡೊಡೊ ಅವರ ಮಗ ಗಿಬ್ರಾನ್ ಅವರಿಗೆ ಆಗ 36 ವರ್ಷ. ಅಭ್ಯರ್ಥಿಯಾಗಲು 40 ತುಂಬಿರಬೇಕೆಂಬ ನಿಯಮಕ್ಕೆ 2023ರ ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ವಿನಾಯಿತಿಯ ದಾರಿ ತೆರೆಯಿತು. ಆ ಪೀಠದ ಮುಖ್ಯ ನ್ಯಾಯಮೂರ್ತಿ ಅನ್ವರ್ ಉಸ್ಮಾನ್ ಅವರು ವಿಡೊಡೊ ಅವರ ತಂಗಿಯ ಗಂಡ. ಮರು ತಿಂಗಳು ನೈತಿಕ ಮಂಡಳಿಯು ಅವರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನದಿಂದ ಇಳಿಸಿತು. ತೀರ್ಪು ಮಾತ್ರ ಹಾಗೆಯೇ ಉಳಿಯಿತು.

ಇನ್ನು 1998ರ ವಿಷಯ. ಇಲ್ಲಿ ನಿಮ್ಮ ವಾದಕ್ಕೆ ತೂಕವಿದೆ ಎಂದು ನಾವು ಒಪ್ಪುತ್ತೇವೆ. ಮೂರು ದಶಕ ದೇಶವನ್ನಾಳಿ 1998ರಲ್ಲಿ ಪತನಗೊಂಡ ಅಧ್ಯಕ್ಷ ಸುಹಾರ್ತೊ ಅವರ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ ಅಪಹರಣಕ್ಕೊಳಗಾಗಿ ಜೀವಸಹಿತ ಮರಳಿದ ಒಂಬತ್ತು ಮಂದಿಯಲ್ಲಿ ಮುಗಿಯಾಂತೊ ಮತ್ತು ನೆಜರ್ ಪಾತ್ರಿಯಾ ಇಂದು ಪ್ರಬೊವೊ ಸಂಪುಟದಲ್ಲಿ ಉಪಸಚಿವರು. ಮುಗಿಯಾಂತೊ ಅವರಿಗೆ ಸಿಕ್ಕಿರುವುದು ಮಾನವ ಹಕ್ಕುಗಳ ಖಾತೆಯೇ. ತಮ್ಮ ಮೇಲಾದದ್ದನ್ನು ಕ್ಷಮಿಸಿ ಮುಂದೆ ಹೋಗುವ ಹಕ್ಕು ಅವರದು, ಅದನ್ನು ನಾವು ಪ್ರಶ್ನಿಸಲಾರೆವು. ಆದರೆ ಆಗ ಕಾಣೆಯಾದವರು ಒಟ್ಟು 23 ಮಂದಿ ಎಂಬುದು ಅಲ್ಲಿನ ಮಾನವ ಹಕ್ಕುಗಳ ಆಯೋಗದ ಲೆಕ್ಕ. ಒಂಬತ್ತು ಮಂದಿ ಬಂದರು, ಒಬ್ಬರು ಶವವಾಗಿ ಸಿಕ್ಕರು, ಸೊಲೊ ನಗರದ ಕವಿ ವಿಜಿ ತುಕುಲ್ ಸೇರಿದಂತೆ 13 ಮಂದಿ ಏನಾದರೆಂದು ಇವತ್ತಿಗೂ ಯಾರೂ ಹೇಳಿಲ್ಲ. ಬದುಕಿ ಬಂದವರ ಕ್ಷಮೆಯು ಬಾರದೆ ಹೋದವರ ಮನೆಯವರಿಗೆ ಉತ್ತರವಾಗುವುದು ಹೇಗೆ? ಸೇನೆಯ ವಿಶೇಷ ಪಡೆಯಾದ ಕೊಪಾಸುಸ್‌ನ ಒಂದು ತಂಡದ ಹನ್ನೊಂದು ಮಂದಿಗೆ 1999ರಲ್ಲಿ ಸೇನಾ ನ್ಯಾಯಾಲಯ ಶಿಕ್ಷೆ ವಿಧಿಸಿತು. ಆ ಅಪಹರಣಗಳು ನಡೆದಾಗ ಆ ಪಡೆಯ ಮುಖ್ಯಸ್ಥರಾಗಿದ್ದವರು ಪ್ರಬೊವೊ, ಸುಹಾರ್ತೊ ಅವರ ಅಳಿಯ. ಸೇನಾಧಿಕಾರಿಗಳ ಗೌರವ ಮಂಡಳಿಯ ವಿಚಾರಣೆಯ ನಂತರ ಅವರನ್ನು 1998ರಲ್ಲಿ ಸೇವೆಯಿಂದ ತೆಗೆಯಲಾಯಿತು, ಆದರೆ ಯಾವ ನ್ಯಾಯಾಲಯದ ಮುಂದೆಯೂ ಅವರ ಮೇಲೆ ಮೊಕದ್ದಮೆ ನಡೆಯಲಿಲ್ಲ. ಅವರು ತಪ್ಪಿತಸ್ಥರೆಂದು ನಾವು ಬರೆದಿಲ್ಲ, ಬರೆಯುವುದೂ ಇಲ್ಲ. ವಿಚಾರಣೆಯೇ ನಡೆಯದ ಕಡೆ ಅಪರಾಧವೂ ಸಾಬೀತಾಗುವುದಿಲ್ಲ, ನಿರಪರಾಧವೂ ಸಾಬೀತಾಗುವುದಿಲ್ಲ.

ಹಳೆಯ ಗಾಯವನ್ನು ಕೆದಕುತ್ತೀರಿ ಎಂದಿರಿ. ಅದನ್ನು ಮೊದಲು ಮುಟ್ಟಿದ್ದು ಹೊಸ ಸರ್ಕಾರವೇ. 2023ರ ಜನವರಿಯಲ್ಲಿ ಅಧ್ಯಕ್ಷ ವಿಡೊಡೊ ಅವರು ದೇಶದ ಇತಿಹಾಸದಲ್ಲಿ ನಡೆದ ಹನ್ನೆರಡು ಗಂಭೀರ ಮಾನವ ಹಕ್ಕು ಉಲ್ಲಂಘನೆಗಳನ್ನು ಸರ್ಕಾರದ ಪರವಾಗಿ ಒಪ್ಪಿಕೊಂಡು ವಿಷಾದಿಸಿದ್ದರು. 1998ರ ಮೇ ತಿಂಗಳ ಗಲಭೆಗಳೂ ಈ ಅಪಹರಣಗಳೂ ಆ ಪಟ್ಟಿಯಲ್ಲಿದ್ದವು. ಪ್ರಬೊವೊ ಅಧಿಕಾರ ವಹಿಸಿಕೊಂಡ ಮರುದಿನವೇ ಅವರ ಸಮನ್ವಯ ಕಾನೂನು ಸಚಿವ ಯೂಸ್ರಿಲ್ ಇಹ್ಜಾ ಮಹೇಂದ್ರ ಅವರು 1998ರದ್ದು ಗಂಭೀರ ಉಲ್ಲಂಘನೆಯಲ್ಲ ಎಂಬ ಅರ್ಥದ ಮಾತಾಡಿದರು, ಟೀಕೆ ಬಂದ ಮೇಲೆ ಸ್ಪಷ್ಟನೆ ಕೊಟ್ಟರು. ಜಕಾರ್ತಾದ ಅಧ್ಯಕ್ಷರ ಅರಮನೆಯ ಎದುರು 2007ರ ಜನವರಿಯಿಂದ ಪ್ರತಿ ಗುರುವಾರ ಕಪ್ಪು ಕೊಡೆ ಹಿಡಿದು ನಿಲ್ಲುವ ಕುಟುಂಬಗಳಿವೆ. ಅವರಲ್ಲೊಬ್ಬರಾದ ಸುಮಾರ್ಸಿಹ್ ಅವರು 1998ರ ನವೆಂಬರ್‌ನಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿಯ ತಾಯಿ. ಆ ತಾಯಂದಿರ ಪಾಲಿಗೆ ಇದು ಯಾವತ್ತಿಗೂ ಹಳೆಯ ವಿಷಯವಾಗಿಲ್ಲ.

ಬಿಸಿಯೂಟದ ಬಗ್ಗೆ ನಿಮ್ಮಷ್ಟೇ ಅಭಿಮಾನ ನಮಗೂ ಇದೆ, ಆದ್ದರಿಂದಲೇ ಈ ಹೋಲಿಕೆಯನ್ನು ಕೊನೆಯವರೆಗೆ ನೋಡೋಣ. ನಮ್ಮಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶ ಬೇಯಿಸಿದ ಊಟವನ್ನು ಮಕ್ಕಳ ಹಕ್ಕನ್ನಾಗಿಸಿತು. ಒಂದು ಊಟದಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಬಡಿಸಬೇಕು ಎಂದು ನ್ಯಾಯಾಲಯವೇ ಹೇಳಿತು, ಪಾಲನೆಯನ್ನು ನೋಡಲು ಆಯುಕ್ತರನ್ನೂ ನೇಮಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾದ ಅಕ್ಷರ ದಾಸೋಹದಲ್ಲಿ ಬಹುಪಾಲು ಕಡೆ ಅಡುಗೆ ಮಾಡುವವರು ಅದೇ ಊರಿನ ಹೆಂಗಸರು. ಸಾರು ನೀರಾಗಿದ್ದರೆ, ಅಕ್ಕಿಯಲ್ಲಿ ಹುಳು ಕಂಡರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಅಡುಗೆಕೋಣೆಗೇ ಬಂದು ಕೇಳಬಹುದು. ಲೋಪಗಳು ನಮ್ಮಲ್ಲೂ ಬೇಕಾದಷ್ಟಿವೆ, ಆದರೆ ಕೇಳುವವರು ಇದ್ದಾರೆ.

ಇಂಡೊನೇಷ್ಯಾದಲ್ಲಿ ಉಚಿತ ಊಟದ ಯೋಜನೆ ಅಧ್ಯಕ್ಷರ ಚುನಾವಣಾ ಭರವಸೆಯಾಗಿ ಮೇಲಿನಿಂದ ಇಳಿದು ಬಂತು. 8.29 ಕೋಟಿ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಅದರ ಗುರಿ. 2025ರ ಜನವರಿ 6ರಂದು 26 ಪ್ರಾಂತ್ಯಗಳ 190 ಅಡುಗೆಮನೆಗಳಿಂದ ಆರಂಭವಾಯಿತು; ಒಂದೊಂದು ಅಡುಗೆಮನೆ ಸುಮಾರು ಮೂರು ಸಾವಿರ ಮಂದಿಗೆ ಬೇಯಿಸುವಷ್ಟು ದೊಡ್ಡದು, ಕೆಲವನ್ನು ಸೇನೆಯೇ ನಡೆಸುತ್ತಿದೆ. ಆ ವರ್ಷದ ಮೊದಲ ಅಂದಾಜು, ಅಲ್ಲಿನ ಹಣದಲ್ಲಿ, 71 ಲಕ್ಷ ಕೋಟಿ ರುಪಿಯಾ. ಶುರುವಾದ ಎರಡೇ ವಾರದೊಳಗೆ ಮಧ್ಯ ಜಾವಾದ ಸುಕೊಹರ್ಜೊದಲ್ಲಿ ಊಟ ಮಾಡಿದ ಶಾಲಾ ಮಕ್ಕಳು ಅಸ್ವಸ್ಥರಾದರು. ಜನವರಿ 22ರಂದು ಅಧ್ಯಕ್ಷರು ಆಯವ್ಯಯದಿಂದ 306.7 ಲಕ್ಷ ಕೋಟಿ ರುಪಿಯಾ ಕಡಿತಕ್ಕೆ ಆದೇಶಿಸಿದಾಗ ಅದರ ಬಿಸಿ ಶಿಕ್ಷಣದ ಖಾತೆಗಳಿಗೂ ತಟ್ಟಿತು. ಮಕ್ಕಳ ತಟ್ಟೆಗೆ ಅನ್ನ ಹಾಕಲು ಅವರ ಅಣ್ಣ ಅಕ್ಕಂದಿರ ಕಾಲೇಜಿನ ಹಣವನ್ನು ತೆಗೆಯುತ್ತಿದ್ದೀರಾ ಎಂದು ಕೇಳುತ್ತ ಫೆಬ್ರುವರಿ 17ರಿಂದ ವಿದ್ಯಾರ್ಥಿಗಳು ದೇಶಕ್ಕೆ ಕತ್ತಲು ಕವಿದಿದೆ ಎಂಬ ಘೋಷಣೆಯೊಂದಿಗೆ ಬೀದಿಗಿಳಿದರು. ಅಧ್ಯಕ್ಷರ ಆರ್ಥಿಕ ಮಂಡಳಿಯ ಮುಖ್ಯಸ್ಥ ಲುಹುತ್ ಪಂಜೈತಾನ್ ಅವರು ಕೊಟ್ಟ ಉತ್ತರದ ತಾತ್ಪರ್ಯ, ಕತ್ತಲಿರುವುದು ಹಾಗೆ ಹೇಳುವವರಲ್ಲಿಯೇ ಎಂಬುದು. ಹಸಿದ ಮಗುವಿಗೆ ಊಟ ಕೊಡುವುದನ್ನು ನಾವು ಎಂದೂ ವಿರೋಧಿಸಲಾರೆವು. ಊಟದ ಲೆಕ್ಕ ಕೇಳಿದವರಿಗೆ ಇಂಥ ಉತ್ತರ ಸಿಗುವುದನ್ನು ಒಪ್ಪಲಾರೆವು.

ಸೇನೆಯ ಪ್ರಭಾವ ಅಡುಗೆಮನೆಗೆ ಸೀಮಿತವಾಗಿದ್ದಿದ್ದರೆ ನಾವು ಇಷ್ಟು ಚಿಂತಿಸುತ್ತಿರಲಿಲ್ಲ. ಪ್ರಮಾಣವಚನವಾದ ವಾರದಲ್ಲೇ ಸಚಿವರನ್ನೆಲ್ಲ ಮಗೆಲಾಂಗ್‌ನ ಸೇನಾ ಅಕಾಡೆಮಿಗೆ ಕರೆದೊಯ್ದು, ಸೈನಿಕರ ಸಮವಸ್ತ್ರ ತೊಡಿಸಿ, ಡೇರೆಗಳಲ್ಲಿ ಮಲಗಿಸಿದ್ದನ್ನು ಹೊಸ ಹುರುಪೆಂದು ಯಾರಾದರೂ ಭಾವಿಸಬಹುದಿತ್ತು. ಆದರೆ ಸುಹಾರ್ತೊ ಕಾಲದಲ್ಲಿ ಸೇನೆಗೆ ಗಡಿ ಕಾಯುವುದರ ಜೊತೆಗೆ ದೇಶ ಆಳುವ ಪಾಲೂ ಇತ್ತು. ಸಂಸತ್ತಿನಲ್ಲಿ ಅದಕ್ಕಿದ್ದ ಮೀಸಲು ಸ್ಥಾನಗಳು ಪೂರ್ತಿಯಾಗಿ ಹೋದದ್ದು 2004ರಲ್ಲಿ. ಅದೇ ವರ್ಷದ ಕಾಯ್ದೆ ಸೇವೆಯಲ್ಲಿರುವ ಅಧಿಕಾರಿಗಳಿಗೆ ಹತ್ತು ನಾಗರಿಕ ಸಂಸ್ಥೆಗಳಲ್ಲಿ ಮಾತ್ರ ಅವಕಾಶ ಕೊಟ್ಟಿತ್ತು. 2025ರ ಮಾರ್ಚ್ 20ರಂದು ಸಂಸತ್ತು ಅದನ್ನು 14ಕ್ಕೆ ಏರಿಸಿತು. ಅಟಾರ್ನಿ ಜನರಲ್ ಕಚೇರಿಯೂ ಅದರಲ್ಲಿ ಸೇರಿದೆ. ಮಿತವ್ಯಯದ ಆದೇಶ ಜಾರಿಯಲ್ಲಿರುವಾಗಲೇ ಮಸೂದೆಯ ಚರ್ಚೆ ಜಕಾರ್ತಾದ ಐಷಾರಾಮಿ ಹೋಟೆಲೊಂದರಲ್ಲಿ ಬಾಗಿಲು ಮುಚ್ಚಿ ನಡೆಯಿತು. ಹೊರಗೆ ಪ್ರತಿಭಟನೆ ನಡೆಯುತ್ತಿದ್ದರೂ ಸದನದಲ್ಲಿ ಎಂಟೂ ಪಕ್ಷಗಳು ಒಪ್ಪಿಗೆ ಸೂಚಿಸಿದವು, ಕೂಟದ ಹೊರಗಿದ್ದ ಆ ಒಂದು ಪಕ್ಷವೂ ಸೇರಿದಂತೆ. ಪ್ರಶ್ನಿಸುವವರಿಲ್ಲದ ಬಹುಮತ ಎಂದು ನಾವು ಹೇಳುವುದು ಇದನ್ನೇ. ಸರ್ಕಾರಿ ಉದ್ಯಮಗಳನ್ನೆಲ್ಲ ಒಂದೇ ಸೂರಿನಡಿ ತರುವ ದನಂತರ ಎಂಬ ಹೂಡಿಕೆ ಸಂಸ್ಥೆಯೂ ಇದೇ ಅವಧಿಯಲ್ಲಿ ಸ್ಥಾಪನೆಯಾಯಿತು. ಸರ್ಕಾರಿ ಕಂಪನಿಗಳ ನಷ್ಟ ಸರ್ಕಾರದ ನಷ್ಟವಲ್ಲ ಎನ್ನುವ ಕಾನೂನು ಆಗ ಅದರ ಬೆನ್ನಿಗಿತ್ತು.

ಸರ್ಕಾರ ಜನರ ಮಾತಿಗೆ ಮಣಿದ ಉದಾಹರಣೆಯೂ ಇದೆ. ಮೌಲ್ಯವರ್ಧಿತ ತೆರಿಗೆಯನ್ನು ಶೇ 11ರಿಂದ 12ಕ್ಕೆ ಏರಿಸುವ ನಿರ್ಧಾರಕ್ಕೆ ವ್ಯಾಪಕ ವಿರೋಧ ಬಂದಾಗ, ಅಧ್ಯಕ್ಷರು 2024ರ ಡಿಸೆಂಬರ್ 31ರಂದು ಅದನ್ನು ಐಷಾರಾಮಿ ವಸ್ತುಗಳಿಗೆ ಸೀಮಿತಗೊಳಿಸಿದರು. ಕಳೆದ ಸಂಚಿಕೆಯ ಲೇಖನದಲ್ಲಿ ಇದಕ್ಕೆ ಜಾಗ ಸಿಗಬೇಕಿತ್ತು ಎಂಬ ನಿಮ್ಮ ಮಾತು ನ್ಯಾಯವಾದದ್ದು. ಆದರೆ ಅವರು ಮಣಿದದ್ದು ಜನ ಒಂದು ವರ್ಷ ಸುಮ್ಮನೆ ಕಾದದ್ದರಿಂದಲ್ಲವಲ್ಲ.

ಕಾಯುವ ಸಲಹೆಯನ್ನು ನಾವು ಒಪ್ಪದಿರಲು ಇನ್ನೊಂದು ಕಾರಣವೂ ಇದೆ, ಅದು ನಮ್ಮ ವೃತ್ತಿಗೆ ಸೇರಿದ್ದು. 1994ರಲ್ಲಿ ಸುಹಾರ್ತೊ ಸರ್ಕಾರ ನಿಷೇಧಿಸಿದ್ದ, ಅವರ ಪತನದ ನಂತರ ಮತ್ತೆ ಹೊರಬಂದ ಟೆಂಪೊ ವಾರಪತ್ರಿಕೆಯ ಕಚೇರಿಗೆ 2025ರ ಮಾರ್ಚ್ 19ರಂದು ಅಲ್ಲಿನ ವರದಿಗಾರ್ತಿಯೊಬ್ಬರ ಹೆಸರಿಗೆ ಕಿವಿ ಕತ್ತರಿಸಿದ ಹಂದಿಯ ತಲೆಯೊಂದು ಬಂತು. ಮೂರು ದಿನಗಳ ನಂತರ ತಲೆ ಕಡಿದ ಇಲಿಗಳು ಬಂದವು. ಯಾರು ಕಳಿಸಿದರೆಂಬುದು ಬಯಲಾಗಿಲ್ಲ, ಸರ್ಕಾರದ ಮೇಲೆ ನಾವು ಆ ಆರೋಪ ಹೊರಿಸುವುದಿಲ್ಲ. ಆದರೆ ಅದರ ಬಗ್ಗೆ ಕೇಳಿದಾಗ ಅಧ್ಯಕ್ಷರ ಸಂವಹನ ಕಚೇರಿಯ ಆಗಿನ ಮುಖ್ಯಸ್ಥರು ಅದನ್ನು ಬೇಯಿಸಿಬಿಡಿ ಎಂದರು. ಹಾಗೆ ಮಾತಾಡುವವರನ್ನು ಪ್ರಶ್ನಿಸುತ್ತಲೇ ಇರುವ ಆ ಸಹೋದ್ಯೋಗಿಗಳ ಜೊತೆ ನಿಲ್ಲುವುದಕ್ಕೆ ಒಂದು ವರ್ಷ ಕಾಯುವುದು ನಮ್ಮಿಂದಾಗದು.

ಏನಾದರೆ ನಿಮ್ಮ ಅನುಮಾನ ಕಡಿಮೆಯಾಗುತ್ತದೆ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕಾಣೆಯಾದ 13 ಮಂದಿಯನ್ನು ಹುಡುಕಬೇಕು, ಅವರ ಕುಟುಂಬಗಳಿಗೆ ಪರಿಹಾರ ಕೊಡಬೇಕು, ಪ್ರಕರಣದ ವಿಚಾರಣೆಗೆ ವಿಶೇಷ ಮಾನವ ಹಕ್ಕು ನ್ಯಾಯಾಲಯ ಸ್ಥಾಪಿಸಬೇಕು ಎಂದು ಅಲ್ಲಿನ ಸಂಸತ್ತು 2009ರಲ್ಲೇ ಶಿಫಾರಸು ಮಾಡಿದೆ. ಆ ನ್ಯಾಯಾಲಯ ರಚಿಸಲು ಈಗ ಬೇಕಾಗಿರುವುದು ಅಧ್ಯಕ್ಷರ ಆದೇಶ. ನಂತರ ಬಂದ ಯಾವ ಅಧ್ಯಕ್ಷರೂ ಅದಕ್ಕೆ ಸಹಿ ಹಾಕಲಿಲ್ಲ. ಆ ಅಧಿಕಾರ ಇಂದು ಪ್ರಬೊವೊ ಅವರ ಕೈಯಲ್ಲಿದೆ. ಅವರು ಸಹಿ ಹಾಕಿದರೆ, ಕಳೆದ ಸಂಚಿಕೆಯಲ್ಲಿ ಆ ಲೇಖನಕ್ಕೆ ಕೊಟ್ಟಷ್ಟೇ ಪುಟಗಳನ್ನು ಆ ಸುದ್ದಿಗೂ ಕೊಡುತ್ತೇವೆ.

— ಸಂಪಾದಕ