ಸೈನ್ ರೂಲ್ ಹುಡುಗ್ರ ತಲಿಗೆ ಹೋಗಂಗ ಹೆಂಗ ಹೇಳಿಕೊಡೋದು?

ನೀವು ಕೇಳಿದ್ದು ಇಷ್ಟ ಅಲ್ರಿ: ಬಿ.ಎಡ್. ಮುಗಿಸಿ ಈ ವರ್ಷ ಹಾವೇರ್ಯಾಗ ಟ್ಯೂಷನ್ ಶುರು ಮಾಡೀರಿ, ಲಂಬಕೋನ ಇಲ್ಲದ ತ್ರಿಭುಜ ಬಿಡಿಸೋದಕ್ಕ ಸೈನ್ ರೂಲ್ (ಬಾಹು ಭಾಗಿಸು ಅದರ ಎದುರಿನ ಕೋನದ ಸೈನ್, ಮೂರೂ ಜೋಡಿಗೆ ಒಂದ) ಹೇಳಿಕೊಟ್ಟೀರಿ, ಹುಡುಗ್ರು ಸೂತ್ರ ಪಟಪಟ ಒಪ್ಪಿಸ್ತಾರ, ಲೆಕ್ಕ ಕೊಟ್ರ ಮಾತ್ರ ಅರ್ಧಕ್ಕರ್ಧ ತಪ್ಪು, ಅದರಾಗೂ ಎರಡು ಉತ್ತರ ಬರೋ ಲೆಕ್ಕ ಬಂತಂದ್ರ ಒಬ್ಬರ ಮುಖ ಒಬ್ಬರು ನೋಡ್ತಾರ, ಏನ್ ಮಾಡ್ಲಿ ಅಂತ.

ನಾನು ಹುಬ್ಬಳ್ಳಿ ವಿದ್ಯಾನಗರದಾಗ ಹದಿನಾಕು ವರ್ಷದಿಂದ ಪಿಯು ಮತ್ತ ಡಿಪ್ಲೊಮಾ ಹುಡುಗ್ರಿಗೆ ಗಣಿತ ಹೇಳ್ತೀನ್ರಿ. ಮೊದಲ ಮೂರ್ನಾಕು ವರ್ಷ ನಾನೂ ನಿಮ್ಮಂಗ, ಬೋರ್ಡ್ ಮ್ಯಾಲ ಸೂತ್ರ ಬರಿ, ಕೆಳಗ ಡಬಲ್ ಗೆರಿ ಹೊಡಿ, ಹತ್ತು ಲೆಕ್ಕ ಕೊಡು, ಮುಗೀತು. ಒಮ್ಮಿ ಟೆಸ್ಟ್‌ನ್ಯಾಗ ಬಾಹು 7, 8, 13 ಕೊಟ್ಟು ಮೂರೂ ಕೋನ ಹುಡುಕ್ರಿ ಅಂದಿದ್ದೆ. ನನ್ನ ಬ್ಯಾಚ್‌ನ ಎಲ್ಲಾರಗಿಂತ ಶಾಣ್ಯಾ ಹುಡುಗ ಕೊಸೈನ್ ರೂಲ್ (ಮೂರು ಬಾಹುದಿಂದ ಕೋನ ತಗಿಯೋ ಸೂತ್ರ) ಹಾಕಿ 7ರ ಎದುರಿನ ಕೋನ 27.8 ಡಿಗ್ರಿ ತಗದ, ಸರಿ. ಆಮ್ಯಾಲ ಸೈನ್ ರೂಲ್ ಹಾಕಿ 13ರ ಎದುರಿನ ಕೋನಕ್ಕ ಹೋದ, ಸೈನ್ 0.866 ಬಂತು, ಕ್ಯಾಲ್ಕುಲೇಟರ್ 60 ಅಂತು, ಇವನೂ 60 ಬರದ, ಉಳಿದಿದ್ದು 180ರಾಗ ಕಳದು 92.2 ಅಂತ ಬರದು ಕೆಳಗ ಗೆರಿ ಎಳದು ಪೇಪರ್ ಕೊಟ್ಟು ಹೋದ. ಅಂದ್ರ 13ರ ಎದುರಿಗೆ 60, 8ರ ಎದುರಿಗೆ 92! ದೊಡ್ಡ ಬಾಹು ಎದುರಿಗೆ ದೊಡ್ಡ ಕೋನ ಇರ್ಬೇಕು ಅನ್ನೋದು ಹೈಸ್ಕೂಲ್‌ನ್ಯಾಗ ಓದಿದ್ದ, ಆದ್ರ ಅವನ ಕಣ್ಣಿಗೆ ತ್ರಿಭುಜನ ಕಾಣಿಸಿಲ್ಲ, ಬರೇ ಸೂತ್ರ ಕಾಣಿಸೈತಿ. ಖರೇ ಉತ್ತರ 120 ಡಿಗ್ರಿ, ಯಾಕಂದ್ರ 60ಕ್ಕೂ 120ಕ್ಕೂ ಸೈನ್ ಒಂದ. ಅವತ್ತು ರಾತ್ರಿ ಪೇಪರ್ ನೋಡ್ಕೋತ ಕುಂತಾಗ ತಿಳೀತು, ತಪ್ಪು ಆ ಹುಡುಗಂದಲ್ಲ, ನಂದು.

ಈಗ ನಾನು ಶುರು ಮಾಡೋದು ಜಾತ್ರಿ ಪೆಂಡಾಲ್‌ನಿಂದ. ಸಿದ್ಧಾರೂಢ ಮಠದ ಜಾತ್ರಿ ನೋಡದ ಹುಡುಗ ಹುಬ್ಬಳ್ಳ್ಯಾಗ ಸಿಗೂದಿಲ್ಲ. ಒಂದು ಕಂಬ ನಿಲ್ಲಸ್ತಾರ, ತುದಿಯಿಂದ ಎಡಕ್ಕೊಂದು ಬಲಕ್ಕೊಂದು ಹಗ್ಗ ಎಳದು ಗೂಟಕ್ಕ ಕಟ್ತಾರ. ಎಡಗಡೆ ಹಗ್ಗ 10 ಮೀಟರ್, ನೆಲದ ಕೂಡ 30 ಡಿಗ್ರಿ. ಕಂಬ ಎಷ್ಟು ಎತ್ತರ? ಲಂಬಕೋನ ತ್ರಿಭುಜ, ಹತ್ತನೇತ್ತಿ ಲೆಕ್ಕ, ಎಲ್ಲಾರೂ 5 ಮೀಟರ್ ಅಂತಾರ. ಈಗ ಬಲಗಡೆ ಗೂಟದ ಹತ್ರ ಕೋನ 45 ಐತಿ, ಆ ಹಗ್ಗ ಎಷ್ಟು ಉದ್ದ ಬೇಕು? ಸ್ವಲ್ಪ ಹೊತ್ತು ಸುಮ್ನಿರ್ರಿ, ನೀವು ಹೇಳಬ್ಯಾಡ್ರಿ. ಹಿಂದಿನ ಬೆಂಚಿನಿಂದ ಯಾರರ ಒಬ್ಬರು "ಸರ್ ಕಂಬ ಅದೇ ಅಲ್ರಿ?" ಅಂದೇ ಅಂತಾರ. ಅಷ್ಟ ಬೇಕಾಗಿದ್ದು ನಮಗ. ಕಂಬ ಒಂದ, ಎರಡು ಕಡೆಯಿಂದ ಅಳದೀವಿ: ಎಡಗಡೆ ಹಗ್ಗ ಗುಣಿಸು ಎಡ ಕೋನದ ಸೈನ್, ಬಲಗಡೆ ಹಗ್ಗ ಗುಣಿಸು ಬಲ ಕೋನದ ಸೈನ್, ಎರಡೂ ಒಂದ. ಬಲಗಡೆ ಹಗ್ಗ 7 ಮೀಟರ್‌ಗಿಂತ ಒಂದೀಟು ಜಾಸ್ತಿ. ಈಗ ಕಂಬ ತಗದು ಬಿಡ್ರಿ, ಎರಡು ಹಗ್ಗ ಮತ್ತ ನೆಲ ಉಳೀತಾವ, ಅದ ನಿಮ್ಮ ಓರೆ ತ್ರಿಭುಜ. ಸೈನ್ ರೂಲ್ ಅಂದ್ರ ಇಷ್ಟ, ಇದಕ್ಕಿಂತ ಜಾಸ್ತಿ ಏನೂ ಇಲ್ಲ.

ಇಲ್ಲಿ ಒಂದು ಜಾಗಾ ಐತಿ, ಎಲ್ಲಾ ಹುಡುಗ್ರೂ ಮುಗ್ಗರಸ್ತಾರ. ಕಂಬದ ಸಮೀಕರಣದಾಗ ಎಡ ಹಗ್ಗ ಎಡ ಗೂಟದ ಕೋನದ ಕೂಡ ಜೋಡಿ ಆಗಿರ್ತೈತಿ, ಆದ್ರ ಪುಸ್ತಕದ ಸೂತ್ರದಾಗ ಬಾಹು ಎದುರು ಕೋನದ ಕೂಡ ಜೋಡಿ. "ಸರ್ ಜೋಡಿ ಅದಲು ಬದಲು ಆತಲ್ರಿ?" ಅಂತ ಕೇಳಿದ್ರ ಖುಷಿ ಪಡ್ರಿ, ಹುಡುಗ ನಿದ್ದಿ ಮಾಡಿಲ್ಲ. ಎರಡೂ ಕಡೆ ಎರಡೂ ಸೈನ್‌ಗಳಿಂದ ಭಾಗಿಸಿದಾಗ ಅದು ದಾಟಿ ಹೋಗ್ತೈತಿ, ಎಡ ಗೂಟದ ಎದುರಿಗೆ ಇರೋದು ಬಲ ಹಗ್ಗ. ಇದನ್ನ ಬೋರ್ಡ್ ಮ್ಯಾಲ ಬಣ್ಣದ ಚಾಕ್‌ಪೀಸ್‌ಲೆ ಮಾಡ್ರಿ, ಕೋನಕ್ಕೂ ಅದರ ಎದುರಿನ ಬಾಹುಕ್ಕೂ ಒಂದ ಬಣ್ಣ. ನಾನು ಪ್ರತಿ ಲೆಕ್ಕಕ್ಕೂ ಮೊದಲು ಚಿತ್ರ, ಆಮ್ಯಾಲ ಜೋಡಿ ಗುರುತು, ಆಮ್ಯಾಲ ಸೂತ್ರ ಅಂತೀನಿ, ಚಿತ್ರ ಇಲ್ಲದ ಲೆಕ್ಕ ನೋಡೂದ ಇಲ್ಲ. ಒಂದು ಪೂರ್ತಿ ಜೋಡಿ ಗೊತ್ತಿದ್ರ ಸೈನ್ ರೂಲ್ ಹತ್ತತೈತಿ, ಮೂರು ಬಾಹು ಇಲ್ಲಾ ಎರಡು ಬಾಹು ನಡುವಿನ ಕೋನ ಕೊಟ್ಟಿದ್ರ ಜೋಡಿನ ಇಲ್ಲ, ಅಲ್ಲಿ ಕೊಸೈನ್‌ನಿಂದ ಶುರು, ಅದೂ ದೊಡ್ಡ ಬಾಹು ಎದುರಿನ ಕೋನ ಮೊದಲು ತಗೀರಿ, ಆಮ್ಯಾಲ ಉಳಿದಿದ್ದು ಲಘುಕೋನ ಅಂತ ಗ್ಯಾರಂಟಿ ಇರ್ತೈತಿ. ನನ್ನ ಹುಡುಗ ಮೊದಲಿಗೇ 120 ತಗದಿದ್ರ ಬಚಾವ್ ಆಗ್ತಿದ್ದ.

ವಿಶಾಲಕೋನದ ಚಿತ್ರ ಮಾತ್ರ ಬಿಡಬ್ಯಾಡ್ರಿ. ಭಾಳ ಮಂದಿ ಲಂಬ ಒಳಗ ಬೀಳೋ ಚಿತ್ರ ಒಂದ ತೋರಿಸಿ ಮುಂದ ಹೋಗ್ತಾರ. ಕಂಬದ ಒಂದ ಕಡೆನ ಎರಡೂ ಗೂಟ ಇದ್ರ ಏನು? ಎರಡೂ ಹಗ್ಗ ಬಲಕ್ಕ, ಒಂದು ಹತ್ರದ ಗೂಟ, ಒಂದು ದೂರದ ಗೂಟ. ಹತ್ರದ ಗೂಟದಾಗ ತ್ರಿಭುಜದ ಒಳಕೋನ ವಿಶಾಲ, ಆದ್ರ ಕಂಬ ಅಳಿಯೋದು ಅದರ ಹೊರಗಿನ ಕೋನದಿಂದ, ಅದು 180ರಾಗ ಒಳಕೋನ ಕಳದದ್ದು. ಸೈನ್ 120 ಯಾಕ ಸೈನ್ 60ಕ್ಕ ಸಮ ಅನ್ನೋದು ಇಲ್ಲಿ ಕೈಗೆ ಸಿಗ್ತೈತಿ.

ಈಗ ಎರಡು ಉತ್ತರದ ಕೇಸ್. ಇದಕ್ಕ ನಾನು ಒಂದು ಪೂರ್ತಿ ಕ್ಲಾಸ್ ಕೊಡ್ತೀನಿ, ಬೋರ್ಡ್ ಮುಟ್ಟಂಗಿಲ್ಲ. ಕಸಬರಗಿ ಕಡ್ಡಿ ತಗೊಂಡು ಪ್ರತಿ ಬೆಂಚಿಗೆ ಎರಡು ಕಡ್ಡಿ, ಒಂದು 10 ಸೆಂಟಿಮೀಟರ್, ಒಂದು 6. ಹಾಳಿ ಮ್ಯಾಲ ಉದ್ದಕ ಗೆರಿ ಎಳೀರಿ, ಗೆರಿ ಎಡ ತುದಿಗೆ ಕೋನಮಾಪಕ ಇಟ್ಟು 30 ಡಿಗ್ರಿಗೆ 10ರ ಕಡ್ಡಿ ಇಡ್ರಿ, ಅದರ ಮ್ಯಾಲಿನ ತುದಿಗೆ 6ರ ಕಡ್ಡಿ ಹಚ್ಚಿ, ಕೆಳಗ ಗೆರಿ ಮುಟ್ಟಸ್ರಿ, ತ್ರಿಭುಜದ ಮೂರನೇ ಬಾಹು ಸ್ಕೇಲ್‌ಲೆ ಅಳೀರಿ. ಹೋದ ವರ್ಷ ಒಂದ ಬೆಂಚಿನ್ಯಾಗ ಇಬ್ಬರು ಹುಡುಗ್ಯಾರು, ಒಬ್ಬಾಕಿ 12 ಅಂದ್ಲು, ಇನ್ನೊಬ್ಬಾಕಿ 5.3. "ಸರ್ ಇಕಿಗೆ ಸ್ಕೇಲ್ ನೋಡಾಕ ಬರಂಗಿಲ್ರಿ" ಅಂತ ಜಗಳಾನ ಶುರು ಆತು. ಇಡೀ ಕ್ಲಾಸ್ ಎದ್ದು ಬಂದು ನೋಡಿದ್ರ ಇಬ್ಬರದೂ ಸರಿ! ಒಬ್ಬಾಕಿ ಸಣ್ಣ ಕಡ್ಡಿ ಹೊರಗ ಚಾಚಿದ್ಲು, ಇನ್ನೊಬ್ಬಾಕಿ ಒಳಗ ಮಡಚಿದ್ಲು. ಆ ಕಡ್ಡಿ ಗಡಿಯಾರದ ಲೋಲಕದಂಗ ತೂಗಾಡಸ್ರಿ, ಗೆರಿನ ಎರಡು ಕಡೆ ಮುಟ್ಟೇ ಮುಟ್ತೈತಿ. ಆಮ್ಯಾಲ ಅವರ ಕೈಲೆ ಕಡ್ಡಿ ಮುರಸ್ರಿ. 5ಕ್ಕ ಮುರಿದ್ರ ಗೆರಿಗೆ ಒಂದ ಕಡೆ ನೆಟ್ಟಗ ತಾಗ್ತೈತಿ, 4ಕ್ಕ ಮುರಿದ್ರ ತಾಗೂದ ಇಲ್ಲ, ಗಾಳ್ಯಾಗ. 12ರ ಹೊಸ ಕಡ್ಡಿ ಕೊಟ್ರ ಒಳಗ ಮಡಚಿದಾಗ ಗೆರಿ ಶುರುವಾಗೋ ಮೂಲಿಗಿಂತ ಹಿಂದ ಹೋಗಿ ಬೀಳ್ತೈತಿ, ಅದು ಲೆಕ್ಕಕ್ಕಿಲ್ಲ, ಅದಕ್ಕ ಒಂದ ಉತ್ತರ.

ನಾಕು ಸಾಲಿನ ಆ ಟೇಬಲ್ ಐತಲ್ರಿ, ಇದಕ್ಕಿಂತ ಕಡಿಮಿ ಇದ್ರ ಇಲ್ಲ, ಸಮ ಇದ್ರ ಒಂದು, ನಡುವ ಇದ್ರ ಎರಡು ಅಂತ, ಅದನ್ನ ಬಾಯಿಪಾಠ ಮಾಡಸಬ್ಯಾಡ್ರಿ, ನನಗಂತೂ ಅದು ಕಂಡ್ರ ಆಗಂಗಿಲ್ಲ. "ಮೊದಲು ಕಂಬ ಎಷ್ಟು?" ಅಂತ ಒಂದ ಪ್ರಶ್ನೆ ಕೇಳ್ರಿ. ಕಡ್ಡಿ ಲೆಕ್ಕದಾಗ ಕಂಬ ಅಂದ್ರ 10ರ ಕಡ್ಡಿ ಮ್ಯಾಲಿನ ತುದಿಯಿಂದ ಗೆರಿಗೆ ನೆಟ್ಟಗ ಇರೋ ಎತ್ತರ, ಇಲ್ಲಿ 5. ಎದುರಿನ ಬಾಹು 5ಕ್ಕಿಂತ ದೊಡ್ಡದು, 10ಕ್ಕಿಂತ ಸಣ್ಣದು, ಅಂದ್ರ ಎರಡು. ಕೋನ ಹುಡುಕಿದ್ರೂ ಅದ: ಸೈನ್ 0.8333 ಬರ್ತೈತಿ, ಕ್ಯಾಲ್ಕುಲೇಟರ್ 56.4 ಅಂತೈತಿ, 180ರಾಗ ಕಳದ್ರ 123.6. ಕ್ಯಾಲ್ಕುಲೇಟರ್‌ನ ಸೈನ್ ಇನ್ವರ್ಸ್ ಬಟನ್ ವಿಶಾಲಕೋನ ಯಾವತ್ತೂ ಕೊಡಂಗಿಲ್ಲ, 90ರ ಆಚೆ ಅದು ಹೋಗಂಗ ಇಲ್ಲ, ಇದನ್ನ ದಪ್ಪ ಅಕ್ಷರದಾಗ ಬರಸ್ರಿ. ಎರಡನ್ನೂ ಬರೀಬೇಕು, ಕೊಟ್ಟ ಕೋನದ ಕೂಡ ಕೂಡಿಸಿ 180 ದಾಟಿದ್ದನ್ನ ಹೊಡದು ಹಾಕಬೇಕು. ಮತ್ತ ಕ್ಯಾಲ್ಕುಲೇಟರ್ ಮುಟ್ಟಿದ ಕೂಡ್ಲೆ ಸೈನ್ 30 ಒತ್ತಿ ನೋಡೋ ಚಟ ಹಚ್ಚಸ್ರಿ, 0.5 ಬರದ ಮೈನಸ್ 0.988 ಬಂತಂದ್ರ ಅದು ಡಿಗ್ರಿ ಬಿಟ್ಟು ರೇಡಿಯನ್ ಅನ್ನೋ ಕೋನದ ಇನ್ನೊಂದು ಅಳತ್ಯಾಗ ಕುಂತೈತಿ.

ಇದೆಲ್ಲಾ ಆದ ಮ್ಯಾಲ ಒಂದು ಐತವಾರ ಹೊರಗ ಕರ್ಕೊಂಡು ಹೋಗ್ರಿ. ನಾವು ಉಣಕಲ್ ಕೆರಿ ದಂಡಿಗೆ ಹೋಗಿದ್ವಿ. ಮೊದಲು ಕೆರಿ ನಡುವಿನ ವಿವೇಕಾನಂದರ ಪ್ರತಿಮೆಗೇ ಗುರಿ ಹಿಡಿಯೋಣ ಅಂದ್ರು, ಆದ್ರ ಅಗಲ ಇರೋದಕ್ಕ ಗುರಿ ಒಬ್ಬೊಬ್ಬರು ಒಂದೊಂದು ಕಡೆ ಹಿಡೀತಾರ, ಅದಕ್ಕ ಆ ಕಡೆ ದಂಡಿಯ ಒಂದು ತೆಳ್ಳನ ಗಿಡ ಆರಿಸಿದ್ವಿ. ಬೋರ್ಡಿಗೆ ಹಚ್ಚೋ ಕಟಗಿ ಕೋನಮಾಪಕ ಸ್ಟೂಲ್ ಮ್ಯಾಲ, ನಡುವ ಮೊಳಿ, ಮೊಳಿಗೆ ತಿರುಗೋ ಪಟ್ಟಿ, ಪಟ್ಟಿ ಮ್ಯಾಲ ರಿಫಿಲ್ ತಗದ ಪೆನ್ನಿನ ನಳಿಗಿ, ಅದರಾಗಿಂದ ಒಂದು ಕಣ್ಣು ಮುಚ್ಚಿ ನೋಡೋದು. ಈ ದಂಡಿ ಮ್ಯಾಲ ಟೇಪ್ ಹಿಡದು 60 ಮೀಟರ್ ಅಳದ್ವಿ, ಎರಡೂ ತುದಿಗೆ ಕೋನ ತಗದ್ವಿ, ಮೊದಲನೇ ಸ್ಟೂಲ್‌ಗೆ 72, ಎರಡನೇದಕ್ಕ 81. ಗಿಡದ ಹತ್ರದ ಕೋನ ನೋಡಾಕ ಯಾರೂ ಈಸಿ ಹೋಗಬೇಕಿಲ್ಲ, 180ರಾಗ ಎರಡೂ ಕಳದ್ರ 27. 60 ಭಾಗಿಸು ಸೈನ್ 27, 132 ಚಿಲ್ಲರ, ಅದನ್ನ ಸೈನ್ 81ಲೆ ಗುಣಿಸಿದ್ರ ಮೊದಲನೇ ಸ್ಟೂಲ್‌ನಿಂದ ಗಿಡಕ್ಕ 130.5 ಮೀಟರ್. ವಾಕಿಂಗ್ ಬಂದ ಒಬ್ಬ ಅಜ್ಜಾರು ನಿಂತು ನೋಡಿ, "ಮತ್ತ ರಸ್ತೆ ಅಗಲ ಮಾಡ್ತಾರೇನ್ರಿ ತಮ್ಮಾ?" ಅಂತ ಗಾಬರಿ ಆಗಿ ಕೇಳಿದ್ರು. ಇಲ್ರೀ ಅಜ್ಜಾರ, ಪಾಠ ಅಂದ್ರ ನಂಬಲಿಲ್ಲ.

ಎರಡನೇ ತಂಡ ಅಳದಾಗ 81ರ ಬದ್ಲಿ 82 ಬಂತು, ದೂರ 135.5 ಆತು. ಒಂದ ಡಿಗ್ರಿಗೆ ಐದು ಮೀಟರ್ ಫರಕ್! ಇಲ್ಲೇ ಸರ್ವೇ ಕಥಿ ಹೇಳೋದು, ಕ್ಲಾಸಿನ್ಯಾಗ ಹೇಳಿದ್ರ ಆಕಳಿಸ್ತಾರ, ಐದು ಮೀಟರ್ ತಪ್ಪಿದ ಮ್ಯಾಲ ಹೇಳಿದ್ರ ಕಿವಿ ಕೊಡ್ತಾರ. 1802ರಾಗ ಬ್ರಿಟಿಷ್ ಸೈನ್ಯದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ದೇಶ ಅಳಿಯೋದಕ್ಕ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ನೆಲದ ಮ್ಯಾಲ ಸರಪಳಿ ಹಾಸಿ ಏಳೂವರೆ ಮೈಲಿ ಅಳದ, ಅಲ್ಲಿಂದ ಮುಂದ ಹೆಚ್ಚುಕಡಿಮಿ ಬರೇ ಕೋನ, ಒಂದು ತ್ರಿಭುಜದ ಬಾಹು ಹುಡುಕು, ಅದನ್ನ ಮುಂದಿನ ತ್ರಿಭುಜಕ್ಕ ಪಾಯಾ ಮಾಡು, ಹಿಂಗ ದೇಶದ ತುಂಬ ತ್ರಿಭುಜದ ಬಲಿ ಹೆಣದ್ರು. ಅವನ ಥಿಯೋಡೋಲೈಟ್, ಅಂದ್ರ ಕೋನ ಅಳಿಯೋ ಯಂತ್ರ, ಅರ್ಧ ಟನ್ ಭಾರ ಇತ್ತು, ಯಾಕ ಅಂತ ನಮ್ಮ ಹುಡುಗ್ರಿಗೆ ಆ ಗಿಡದ ಮುಂದ ಬಿಡಿಸಿ ಹೇಳಬೇಕಾಗಿರಲಿಲ್ಲ. ನಡುನಡುವ ಮತ್ತ ಸರಪಳಿ ಹಾಸಿ ತಾಳೆ ನೋಡ್ತಿದ್ರು, 1804ರಾಗ ಬೆಂಗಳೂರು ಹತ್ರ ಹಿಂಗ ಅಳದಾರ. ಅಷ್ಟು ದೊಡ್ಡ ತ್ರಿಭುಜಕ್ಕ ಭೂಮಿ ದುಂಡಗಿರೋ ತಿದ್ದುಪಡಿನೂ ಬೇಕು, ಅದು ನಮ್ಮ ಕೆರಿಗೆ ಹತ್ತಂಗಿಲ್ಲ. ಇದೇ ಸರ್ವೇ ಮುಂದ ಹಿಮಾಲಯಕ್ಕ ಮುಟ್ಟಿತು, ಅಲ್ಲಿ ಲೆಕ್ಕ ಹಾಕಿದವರು ರಾಧಾನಾಥ ಸಿಕ್ದರ್, ಪೀಕ್ 15 ಅಂತ ನಂಬರ್ ಇದ್ದ ಶಿಖರಕ್ಕ 29,002 ಅಡಿ ಅಂತ 1856ರಾಗ ಪ್ರಕಟ ಆತು, ಅದ ಎವರೆಸ್ಟ್.

ಶಾಣ್ಯಾ ಹುಡುಗ್ರು ಕೆಲವರು ಒಂದು ಕೇಳ್ತಾರ, ಬಾಹು ಭಾಗಿಸು ಸೈನ್ ಮಾಡಿದ್ರ ಬರೋ ಆ 132 ಏನ್ರಿ ಸರ್, ಅದಕ್ಕೇನರ ಅರ್ಥ ಐತೇನ್ರಿ ಅಂತ. ಅದು ಮೂರೂ ಮೂಲಿ ಮುಟ್ಟಿ ಹೋಗೋ ವೃತ್ತದ ವ್ಯಾಸ. ನಮ್ಮ ಕನ್ನಡ ಪುಸ್ತಕದಾಗ ವೃತ್ತದ ಎರಡು ಬಿಂದು ಕೂಡಿಸೋ ಗೆರಿಗೆ ಜ್ಯಾ ಅಂತಾರಲ್ರಿ, ಬಿಲ್ಲಿನ ಹೆದಿಗೂ ಅದ ಹೆಸರು. ತ್ರಿಭುಜದ ಪ್ರತಿ ಬಾಹುನೂ ಆ ವೃತ್ತದ ಜ್ಯಾ. ಆರ್ಯಭಟ 499ರ ಹೊತ್ತಿಗೆ ಅರ್ಧ ಜ್ಯಾದ ಕೋಷ್ಟಕ ಕೊಟ್ಟಿದ್ದ, ಆ ಜ್ಯಾ ಅರಬ್ಬರ ಬಾಯಾಗ ಜೀಬ ಆತು, ಬರಹದಾಗ ಸ್ವರ ಇಲ್ಲದ್ದಕ್ಕ ಅದನ್ನ ಜೈಬ್ ಅಂತ ಓದಿದ್ರು, ಜೈಬ್ ಅಂದ್ರ ಅರಿವಿ ಮಡಿಕೆ, ಲ್ಯಾಟಿನ್‌ಗೆ ಹೋದಾಗ ಅದೇ ಅರ್ಥದ ಸೈನಸ್ ಆತು, ಅದ ಈಗ ಸೈನ್. ಕನ್ನಡ ಮೀಡಿಯಂನಿಂದ ಬಂದ ಹುಡುಗ್ರು ಪಿಯು ಮೊದಲ ತಿಂಗಳು ಅಂಜಿ ಕುಂತಿರ್ತಾರ, ಇಂಗ್ಲಿಷ್ ಮೀಡಿಯಂನವರಿಗೆ ಜ್ಯಾ ಅಂದ್ರ ಏನಂತ ಇವರ ಕೈಲೆ ಹೇಳಸ್ರಿ.

ನಿಮಗ ಉಣಕಲ್‌ತನಕ ಬರೋದು ಬ್ಯಾಡ, ಹಾವೇರ್ಯಾಗ ಹೆಗ್ಗೇರಿ ಕೆರಿ ಐತಿ. ಮುಂಜಾನೆ ಬಿಸಲು ಬೆನ್ನಿಗೆ ಬರೋ ದಂಡಿ ಹಿಡೀರಿ, ಮತ್ತ ನಮ್ಮಂಗ 60 ಮೀಟರ್‌ಗೆ ಜಿಪುಣತನ ಮಾಡಬ್ಯಾಡ್ರಿ, ಜಾಗಾ ಇದ್ರ 150 ಅಳೀರಿ, ಗಿಡದ ಕಡೆ ಕೋನ 27ರಷ್ಟು ಚೂಪಾಗಿ ಉಳಿಯಂಗಿಲ್ಲ, ಒಂದು ಡಿಗ್ರಿ ತಪ್ಪಿದ್ರೂ ಇಷ್ಟು ಹೊಡತ ಬೀಳಂಗಿಲ್ಲ. ಕಸಬರಗಿ ಕಡ್ಡಿ ಮಾತ್ರ ಹೊಸಾ ಕಸಬರಗ್ಯಾಗಿಂದ ತಗೀರಿ, ಹಳೇವು ಅಳತಿಗೆ ಸರಿಯಾಗಿ ಮುರಿಯಂಗಿಲ್ಲ, ಸೀಳ್ತಾವ.