ಆಫೀಸಿನಲ್ಲಿ ಅರ್ಧ ಕಂಪ್ಯೂಟರ್‌ಗಳಿಗೆ ಮಾತ್ರ ನೆಟ್ ಬರುತ್ತಿಲ್ಲ, ಲೈನ್ ಸರಿಯಿದೆ ಅಂತಾರೆ. ಏನು ಮಾಡಲಿ?

ಹನ್ನೆರಡು ಕಂಪ್ಯೂಟರ್‌ಗಳಲ್ಲಿ ಐದಾರಕ್ಕೆ ನೆಟ್ ಇರುವುದಿಲ್ಲ, ಉಳಿದವು ಆರಾಮಾಗಿ ಓಡುತ್ತವೆ, ಎಲ್ಲವನ್ನೂ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ ಅಂತ ಬರೆದಿದ್ದೀರಿ. ಹಾಗಿದ್ದರೆ ನೆಟ್ ಕೊಡುವವರು ಹೇಳಿದ್ದನ್ನು ನಂಬಬಹುದು. ಲೈನ್ ಕೆಟ್ಟಿದ್ದರೆ ಎಲ್ಲರಿಗೂ ಹೋಗಬೇಕಿತ್ತು, ಅಲ್ವಾ? ತೊಂದರೆ ಆಫೀಸಿನ ಒಳಗೇ ಇದೆ.

ಮುಂದಿನ ಸಲ ನೆಟ್ ಹೋದಾಗ ಮೊದಲು ರೌಟರ್ ಮುಟ್ಟಬೇಡಿ. ರೀಸ್ಟಾರ್ಟ್ ಮಾಡಿದರೆ ಗುರುತು ಸಿಗದ ಹಾಗೆ ಎಲ್ಲ ಅಳಿಸಿಹೋಗುತ್ತದೆ. ನೆಟ್ ಇರುವ ಒಂದು ಕಂಪ್ಯೂಟರ್, ಇಲ್ಲದ ಒಂದು ಕಂಪ್ಯೂಟರ್ ಆರಿಸಿಕೊಳ್ಳಿ. ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ (ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಕಮಾಂಡ್ ಕೊಡಿ. ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ನಂಬರ್) ಮತ್ತು ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗಲು ಅದು ಬಳಸುವ ರೌಟರ್‌ನ ಅಡ್ರೆಸ್), ಈ ಎರಡನ್ನು ಒಂದು ಚೀಟಿಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ.

ನನಗೆ ಜಾಸ್ತಿ ಅನುಮಾನ ಇರುವುದು ಗೇಟ್‌ವೇ ಮೇಲೆ. ಸರಿಯಿರುವ ಕಂಪ್ಯೂಟರ್‌ನಲ್ಲಿ 192.168.1.1 ಅಂತಲೂ ಕೆಟ್ಟದ್ದರಲ್ಲಿ 192.168.0.1 ಅಂತಲೂ ಬಂದರೆ, ಯಾರೋ ಇನ್ನೊಂದು ವೈಫೈ ರೌಟರ್ ತಂದು ಸಿಕ್ಕಿಸಿದ್ದಾರೆ ಅಂತ ಅರ್ಥ. ಮೂಲೆಯ ಟೇಬಲ್‌ಗೆ ಸಿಗ್ನಲ್ ಬರಲ್ಲ ಅಂತ ಒಂದು ಹಳೆಯ ರೌಟರ್ ತಂದು ಅದರ ಲ್ಯಾನ್ ಪೋರ್ಟಿಗೆ (ಕಂಪ್ಯೂಟರ್‌ನ ವೈರ್ ಸಿಕ್ಕಿಸುವ ಜಾಗ) ಆಫೀಸಿನ ವೈರ್ ಹಾಕುತ್ತಾರೆ, ಆಮೇಲೆ ಮರೆತೇಬಿಡುತ್ತಾರೆ. ಅದರಲ್ಲೂ ಡಿಎಚ್‌ಸಿಪಿ, ಅಂದರೆ ಕಂಪ್ಯೂಟರ್‌ಗಳಿಗೆ ತಾನಾಗಿಯೇ ಅಡ್ರೆಸ್ ಹಂಚುವ ವ್ಯವಸ್ಥೆ, ಆನ್ ಇರುತ್ತದೆ. ಅಡ್ರೆಸ್ ಬೇಕು ಅಂತ ಕಂಪ್ಯೂಟರ್ ಕೇಳಿದಾಗ ಎರಡೂ ರೌಟರ್ ಉತ್ತರ ಕೊಡುತ್ತವೆ. ಸಾಮಾನ್ಯವಾಗಿ ಮೊದಲು ಬಂದ ಉತ್ತರವೇ ಗೆಲ್ಲುತ್ತದೆ. ಎರಡನೆಯದಕ್ಕೆ ಹೊರಗಿನ ಲೈನೇ ಇಲ್ಲ, ಹಾಗಾಗಿ ಅದರ ಪಾಲಿಗೆ ಬಿದ್ದವರಿಗೆ ನೆಟ್ ಇಲ್ಲ. ಇವತ್ತು ನಿಮಗೆ, ನಾಳೆ ಪಕ್ಕದವರಿಗೆ.

ಎರಡೂ ರೌಟರ್‌ಗಳ ಅಡ್ರೆಸ್ 192.168.1.1 ಆಗಿದ್ದರೆ ಚೀಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆಗ ಎರಡೂ ಕಂಪ್ಯೂಟರ್‌ಗಳಲ್ಲಿ ಎಆರ್‌ಪಿ ಕಮಾಂಡನ್ನು ಮೈನಸ್ ಎ ಸೇರಿಸಿ (arp -a) ಕೊಡಿ. ಗೇಟ್‌ವೇ ಎದುರಿಗೆ ಅದರ ಮ್ಯಾಕ್ ಅಡ್ರೆಸ್, ಅಂದರೆ ಆ ಸಾಧನದ್ದೇ ಆದ ಗುರುತಿನ ಸಂಖ್ಯೆ, ಇರುತ್ತದೆ. ಅದು ಬೇರೆ ಬೇರೆಯಾಗಿದ್ದರೆ ಒಂದೇ ಅಡ್ರೆಸ್‌ನಲ್ಲಿ ಎರಡು ಡಬ್ಬಿಗಳು ಕೂತಿವೆ.

ಡಬ್ಬಿ ಎಲ್ಲಿದೆ ಅಂತ ಹುಡುಕುವುದೇ ಬೇಜಾರಿನ ಕೆಲಸ. ಕೆಟ್ಟ ಕಂಪ್ಯೂಟರ್‌ನಿಂದ ಆ ತಪ್ಪು ಗೇಟ್‌ವೇಗೆ ಪಿಂಗ್ ಕಮಾಂಡನ್ನು (ಆ ಅಡ್ರೆಸ್‌ನಿಂದ ಉತ್ತರ ಬರುತ್ತದಾ ಅಂತ ನೋಡುವುದು) ಮೈನಸ್ ಟಿ ಹಾಕಿ (ping -t) ನಿಲ್ಲದೆ ಓಡಲು ಬಿಡಿ. ಒಬ್ಬರು ಸ್ಕ್ರೀನ್ ನೋಡುತ್ತಿರಲಿ, ಇನ್ನೊಬ್ಬರು ನೆಟ್‌ವರ್ಕ್ ವೈರ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನಿಂದ ಒಂದೊಂದೇ ವೈರ್ ತೆಗೆದು, ನೋಡಿ, ಮತ್ತೆ ಸಿಕ್ಕಿಸಲಿ. ಆ ಕಂಪ್ಯೂಟರ್‌ನದ್ದೇ ವೈರ್ ಬಿಟ್ಟು ಬೇರೆ ಯಾವುದನ್ನು ತೆಗೆದಾಗ ಉತ್ತರ ನಿಲ್ಲುತ್ತದೋ ಆ ವೈರ್ ಹಿಡಿದು ಹೊರಡಿ. ಕಳ್ಳ ಆ ತುದಿಯಲ್ಲಿ ಸಿಗುತ್ತಾನೆ. ವೈರಿಗೆ ಹೆಸರಿನ ಚೀಟಿ ಅಂಟಿಸಿರುವ ಆಫೀಸಾದರೆ ನೀವು ಪುಣ್ಯವಂತರು.

ಆ ರೌಟರ್ ಬೇಕೇ ಬೇಕು ಅಂದರೆ ಎಸೆಯಬೇಕಿಲ್ಲ. ಅದರ ಡಿಎಚ್‌ಸಿಪಿ ಆಫ್ ಮಾಡಿ, ಅಡ್ರೆಸ್ಸನ್ನು 192.168.1.2 ಥರ ಬೇರೆ ಯಾರೂ ಬಳಸದ ಒಂದಕ್ಕೆ ಬದಲಿಸಿ. ಆಕ್ಸೆಸ್ ಪಾಯಿಂಟ್ ಮೋಡ್ (ಅಡ್ರೆಸ್ ಹಂಚದೆ ವೈಫೈ ಮಾತ್ರ ಕೊಡುವುದು) ಇದ್ದರೆ ಅದನ್ನೇ ಆರಿಸಿ, ಇನ್ನೂ ಸುಲಭ.

ಚೀಟಿಯಲ್ಲಿ 169.254 ಅಂತ ಶುರುವಾಗುವ ಅಡ್ರೆಸ್ ಬಂದಿದ್ದರೆ ಕಥೆ ಬೇರೆ. ಕಂಪ್ಯೂಟರ್ ಕೇಳಿತು, ಯಾರೂ ಕೊಡಲಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ವೈರ್ ಬದಲಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಎಷ್ಟು ಅಡ್ರೆಸ್ ಇಟ್ಟಿದ್ದಾರೆ ನೋಡಿ. ಅಡ್ರೆಸ್‌ನ ಕೊನೆಯ ಸಂಖ್ಯೆ 100ರಿಂದ 149ರವರೆಗೆ ಅಂದರೆ ಬರೀ 50. ಎಲ್ಲರ ಫೋನ್, ಪ್ರಿಂಟರ್, ಕ್ಯಾಮೆರಾ, ಬಂದುಹೋಗುವವರ ಫೋನ್ ಸೇರಿದರೆ ಅದು ಮುಗಿಯಬಹುದು. ಲೀಸ್, ಅಂದರೆ ಒಂದು ಅಡ್ರೆಸ್ ಒಬ್ಬರ ಬಳಿ ಇರುವ ಅವಧಿ, 24 ಗಂಟೆ ಇದ್ದರೆ ಬೆಳಿಗ್ಗೆ ಬಂದು ಹೋದವರ ಫೋನ್ ಹಿಡಿದ ಅಡ್ರೆಸ್ ಸಂಜೆಯಾದರೂ ಖಾಲಿಯಾಗುವುದಿಲ್ಲ. ಕೊನೆಯ ಸಂಖ್ಯೆಯನ್ನು 200ಕ್ಕೆ ಏರಿಸಿ, ಲೀಸ್ ಇಳಿಸಿ.

ಎಲ್ಲ ಸರಿ ಇದ್ದೂ ವೆಬ್‌ಸೈಟ್ ತೆರೆಯದಿದ್ದರೆ 8.8.8.8ಗೆ (ಗೂಗಲ್‌ನ ಸರ್ವರ್ ಅಡ್ರೆಸ್) ಪಿಂಗ್ ಮಾಡಿ. ಅದಕ್ಕೆ ಉತ್ತರ ಬಂದು ವೆಬ್‌ಸೈಟ್ ಹೆಸರಿಗೆ ಮಾತ್ರ ಬರದಿದ್ದರೆ ಸಾಮಾನ್ಯವಾಗಿ ಡಿಎನ್‌ಎಸ್ (ಹೆಸರನ್ನು ಐಪಿ ಅಡ್ರೆಸ್ ಮಾಡಿಕೊಡುವ ಸರ್ವರ್) ಬದಲಿಸಿದರೆ ಸಾಕು.

ಒಂದು ಮಾತು. ಆ ಇನ್ನೊಂದು ರೌಟರ್ ತೆಗೆದ ಕೂಡಲೇ ಎಲ್ಲರಿಗೂ ನೆಟ್ ಬರದಿದ್ದರೆ ಗಾಬರಿಯಾಗಬೇಡಿ. ಕೆಲವು ಕಂಪ್ಯೂಟರ್‌ಗಳು ಹಳೆಯ ಅಡ್ರೆಸ್ಸನ್ನೇ ಹಿಡಿದುಕೊಂಡಿರುತ್ತವೆ. ಅಂಥವುಗಳಲ್ಲಿ ಐಪಿಕಾನ್ಫಿಗ್‌ಗೆ ಸ್ಲ್ಯಾಶ್ ಹಾಕಿ ಮೊದಲು ರಿಲೀಸ್ (ipconfig /release), ಆಮೇಲೆ ರಿನ್ಯೂ (ipconfig /renew) ಕೊಡಿ.