ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಹಳ್ಳಿಗಳು ಯಾವುವು?

ನೀವು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿದ್ದೀರಿ, ಮೇ ತಿಂಗಳ ಕೊನೆಗೆ ತಂದೆ ತಾಯಿ ಬರುತ್ತಾರೆ, ತಾಯಿಯವರಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು. ನಗರದ ಕಾಲುವೆ, ಮ್ಯೂಸಿಯಂ ಎಲ್ಲ ಮುಗಿದ ಮೇಲೆ ಹಳ್ಳಿಗಾಡಿನ ಕಡೆ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದ್ದೀರಿ.

ದೂರ ಹೋಗಬೇಡಿ ಎಂಬುದೇ ನನ್ನ ಸಲಹೆ. ಸೆಂಟ್ರಲ್ ನಿಲ್ದಾಣದ ಹಿಂಬದಿಯ ನೀರನ್ನು ದಾಟಿ ಉತ್ತರಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಹುಲ್ಲುಗಾವಲು, ಹಸು, ಕಾಲುವೆ ಸಿಗುತ್ತವೆ. ಈ ಸೀಮೆಯ ಹೆಸರು ವಾಟರ್‌ಲ್ಯಾಂಡ್.

ಎಲ್ಲರೂ ಹೀಟ್‌ಹೋರ್ನ್ ಎನ್ನುತ್ತಾರೆ. ಚಂದದ ಊರು, ಸುಳ್ಳಲ್ಲ. ಆದರೆ ರೈಲು, ಆಮೇಲೆ ಬಸ್ಸು ಹಿಡಿದು ಹೋಗಿ ಬರುವುದರಲ್ಲೇ ನಾಲ್ಕೈದು ಗಂಟೆ ಕಳೆಯುತ್ತದೆ. ಮಂಡಿ ನೋವಿನವರಿಗೆ ಆ ಶಿಕ್ಷೆ ಏಕೆ? ಝಾನ್ಸೆ ಸ್ಖಾನ್ಸ್‌ನ ಗಾಳಿಗಿರಣಿಗಳು ಹತ್ತಿರವೇ ಇವೆ, ಆದರೆ ಹತ್ತು ಗಂಟೆಯ ಮೇಲೆ ಅಲ್ಲಿ ಗಿರಣಿಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ ಮುಗಿಸಿಬಿಡಿ. ಪ್ರವಾಸಿ ಬಸ್ಸುಗಳ ಒಂದು ದಿನದ ಪ್ಯಾಕೇಜುಗಳನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಮರದ ಪಾದರಕ್ಷೆಯ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ಊರು ನೋಡಲು ಇಪ್ಪತ್ತು ನಿಮಿಷ ಕೊಡುವ ವ್ಯವಹಾರ ಅದು.

ಮೊದಲ ದಿನಕ್ಕೆ ಮಾರ್ಕೆನ್ ಇಟ್ಟುಕೊಳ್ಳಿ. ನೇರ ಬಸ್ಸಿದೆ. ಕೊನೆಯ ಭಾಗದಲ್ಲಿ ಎರಡೂ ಕಡೆ ನೀರು, ನಡುವೆ ಕಟ್ಟೆ, ಕಟ್ಟೆಯ ಮೇಲೆ ರಸ್ತೆ. 1957ರಲ್ಲಿ ಈ ಕಟ್ಟೆ ಆಗುವವರೆಗೆ ಮಾರ್ಕೆನ್ ದ್ವೀಪವಾಗಿತ್ತು, ದೋಣಿಯಲ್ಲದೆ ಬೇರೆ ದಾರಿ ಇರಲಿಲ್ಲ. ಊರೊಳಗೆ ಹಸಿರು ಬಣ್ಣ ಬಳಿದು ಬಿಳಿ ಅಂಚು ಕಟ್ಟಿದ ಮರದ ಮನೆಗಳಿವೆ. ಎಲ್ಲರೂ ಕಿಟಕಿಯ ಪರದೆ, ಹೂಕುಂಡಗಳ ಚಿತ್ರ ತೆಗೆದುಕೊಳ್ಳುತ್ತಾರೆ. ನೀವು ಬಂದರಿನ ಹತ್ತಿರ ನಿಂತು ಮನೆಗಳ ಬುಡ ನೋಡಿ. ಮೂಲ ಮನೆ ನಿಂತಿರುವುದು ಕಂಬಗಳ ಮೇಲೆ. ಸಮುದ್ರ ಉಕ್ಕಿದಾಗ ನೀರು ಮನೆಯ ಕೆಳಗೆ ನುಗ್ಗಿ ಆಚೆ ಹೋಗಲಿ ಎಂದು ಹಾಗೆ ಕಟ್ಟಿದ್ದರು. ಭಯ ತೀರಿದ ಮೇಲೆ ಕಂಬಗಳ ನಡುವೆ ಹಲಗೆ ಹೊಡೆದು ಕೋಣೆ ಮಾಡಿಕೊಂಡಿದ್ದಾರೆ. ಇನ್ನು ಕೆಲವು ಮನೆಗಳ ಗುಂಪು ಮಣ್ಣು ಏರಿಸಿ ಮಾಡಿದ ದಿಬ್ಬಗಳ ಮೇಲಿದೆ. ಆ ದಿಬ್ಬಗಳಿಗೂ ಇದೇ ಕಾರಣ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1916ರ ಜನವರಿಯ ಪ್ರವಾಹದಲ್ಲಿ ಈ ಪುಟ್ಟ ಊರಿನಲ್ಲೇ 16 ಮಂದಿ ಸತ್ತರು. ಅದಾದ ಮೇಲೆ ಡಚ್ ಸರ್ಕಾರ 32 ಕಿಲೋಮೀಟರ್ ಉದ್ದದ ಅಡ್ಡಗಟ್ಟೆ ಕಟ್ಟಿ 1932ರಲ್ಲಿ ಒಳನಾಡಿಗೆ ಚಾಚಿದ್ದ ಈ ಸಮುದ್ರದ ಬಾಯನ್ನೇ ಮುಚ್ಚಿತು. ಉಪ್ಪುನೀರು ನಿಧಾನಕ್ಕೆ ಸಿಹಿಯಾಯಿತು, ಪ್ರವಾಹ ನಿಂತಿತು, ಹೆರಿಂಗ್ ಮೀನುಗಾರಿಕೆಯೂ ನಿಂತಿತು. ಪ್ರಾಣ ಉಳಿಸಿದ ಕಟ್ಟೆಯೇ ಹೊಟ್ಟೆಗೆ ಹೊಡೆಯಿತು. ಇವತ್ತು ಊರು ಪ್ರವಾಸಿಗರನ್ನು ನೆಚ್ಚಿಕೊಂಡಿರುವುದರ ಹಿಂದೆ ಈ ಕತೆ ಇದೆ. ನನ್ನೂರು ಉತ್ತರ ಕನ್ನಡದ ಅಘನಾಶಿನಿ ನದಿಯ ಕಡೆ. ಅಳಿವೆಯ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟೆ ಕಾಯುವುದನ್ನು ನೋಡಿ ಬೆಳೆದವನಿಗೆ ಮಾರ್ಕೆನ್ ಬೇಗ ಅರ್ಥವಾಗುತ್ತದೆ. ನಿಮ್ಮ ತಂದೆಯವರು ಕರಾವಳಿಯವರಾದರೆ ನೀವು ವಿವರಿಸುವ ಅಗತ್ಯವೇ ಬೀಳಲಾರದು.

ಊರಿನಾಚೆ ತುದಿಯಲ್ಲಿ 1839ರ ಬಿಳಿ ದೀಪಸ್ತಂಭವಿದೆ. ನಡಿಗೆ ದೂರ, ಗಾಳಿ ಬೇರೆ. ತಾಯಿಯವರನ್ನು ಬಂದರಿನ ಬೆಂಚಿನಲ್ಲಿ ಕೂರಿಸಿ ತಂದೆಯವರೊಂದಿಗೆ ಹೋಗಿ ಬನ್ನಿ, ಇಲ್ಲವೇ ಬಿಟ್ಟುಬಿಡಿ. ಮಾರ್ಕೆನ್‌ನಿಂದ ಫೋಲೆಂಡಾಮ್‌ಗೆ ದೋಣಿ ಇದೆ, ಅರ್ಧ ಗಂಟೆಯ ಪ್ರಯಾಣ. ದೋಣಿಯಲ್ಲಿ ಹೋಗುವುದು ಚೆನ್ನ. ಇಳಿಯುವ ಜಾಗದಲ್ಲಿ ಮಾತ್ರ ಹೊಗೆಯಾಡಿಸಿದ ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ, ನಿಮ್ಮವರಿಗೆ ಮೊದಲೇ ಹೇಳಿಡಿ. ಫೋಲೆಂಡಾಮ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಅಲ್ಲಿಂದ ಮೂರೇ ಕಿಲೋಮೀಟರ್ ದೂರದ ಎಡಾಮ್‌ಗೆ ಬಸ್ಸು ಹತ್ತಿ. ಗಿಣ್ಣಿನಿಂದ, ಅಂದರೆ ಚೀಸ್‌ನಿಂದ, ಲೋಕಕ್ಕೆಲ್ಲ ಹೆಸರು ಗೊತ್ತಿರುವ ಊರು ಅಷ್ಟು ಶಾಂತವಾಗಿರುತ್ತದೆ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಕಾಲುವೆ ಪಕ್ಕ ಕಾಫಿ ಕುಡಿದು ಅಲ್ಲಿಂದಲೇ ಆಮ್‌ಸ್ಟರ್‌ಡ್ಯಾಮ್ ಬಸ್ಸು ಹಿಡಿಯಬಹುದು.

ಎರಡನೆಯ ದಿನ ಸಿಕ್ಕರೆ ಬೇಮ್‌ಸ್ಟರ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ಇದೇ, ಆದರೆ ನೋಡುವ ಬಗೆ ಗೊತ್ತಿಲ್ಲದಿದ್ದರೆ ಬರೀ ಹುಲ್ಲು ಕಾಣುತ್ತದೆ. ಇದು ದೊಡ್ಡ ಕೆರೆಯಾಗಿತ್ತು. ನಲವತ್ತಕ್ಕೂ ಹೆಚ್ಚು ಗಾಳಿಗಿರಣಿಗಳನ್ನು ನಿಲ್ಲಿಸಿ ನೀರೆತ್ತಿ ಎತ್ತಿ ಬರಿದು ಮಾಡಿದರು. ಕೆಲಸ ಮುಗಿಯುತ್ತಾ ಬಂದಾಗ, 1610ರಲ್ಲಿ, ಕಡಲ ಕಡೆಯ ಕಟ್ಟೆ ಒಡೆದು ಕೆರೆ ಮತ್ತೆ ತುಂಬಿಕೊಂಡಿತು. ಮತ್ತೆ ಎತ್ತಿದರು. 1612ರಲ್ಲಿ ನೆಲ ಒಣಗಿತು. ಆಮೇಲೆ ಅಳತೆಗಾರರು ದಾರ ಹಿಡಿದು ಚೌಕ ಚೌಕವಾಗಿ ರಸ್ತೆ, ಕಾಲುವೆ, ಹೊಲ ಹಂಚಿದರು. ಆ ಗೆರೆಗಳು ಇವತ್ತಿಗೂ ಹಾಗೆಯೇ ಇರುವುದರಿಂದ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಂಚಿನ ಕಾಲುವೆಯ ಏರಿಯ ಮೇಲೆ ನಿಲ್ಲಿ. ಒಂದು ಕಡೆ ನಿಮ್ಮ ಕಾಲ ಮಟ್ಟಕ್ಕೆ ನೀರು, ದೋಣಿ ಸಾಗುತ್ತಿರುತ್ತದೆ. ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಕೆಳಗೆ ಹಸು ಮೇಯುತ್ತಿರುತ್ತದೆ. ಹಸುವಿನ ತಲೆಗಿಂತ ಮೇಲೆ ದೋಣಿ! ಹೊಲ ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ತಗ್ಗಿನಲ್ಲಿದೆ. ಪಂಪು ನಿಂತರೆ ಕೆರೆ ವಾಪಸು ಬರುತ್ತದೆ. ರಸ್ತೆಯ ಪಕ್ಕದಲ್ಲಿ ಪಿರಮಿಡ್ಡಿನ ಆಕಾರದ ದೊಡ್ಡ ಸೂರಿನ ರೈತರ ಮನೆಗಳಿವೆ: ನಡುವೆ ಹುಲ್ಲಿನ ಬಣವೆ, ಸುತ್ತ ಕೊಟ್ಟಿಗೆ ಮತ್ತು ವಾಸದ ಕೋಣೆ, ಎಲ್ಲ ಒಂದೇ ಮಾಡಿನಡಿ. ಈಗ ಬಹುಪಾಲು ಮನೆಗಳಲ್ಲಿ ಹಸು ಇಲ್ಲ, ಕಾರಿದೆ. ಪಕ್ಕದಲ್ಲೇ ಡೆ ರೈಪ್ ಎಂಬ ಊರು. ಕೆರೆ ಬತ್ತಿಸಿದ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದ ಲೇಗ್‌ವಾಟರ್ ಹುಟ್ಟಿದ್ದು ಅಲ್ಲಿ. ಪುರಭವನದ ಎದುರಿನ ಕಾಲುವೆ, ಸಣ್ಣ ಸೇತುವೆ, ಇಟ್ಟಿಗೆಯ ಮನೆಗಳು ಒಂದು ಮಧ್ಯಾಹ್ನಕ್ಕೆ ಸಾಕಾಗುತ್ತವೆ. ಬಸ್ಸಿನಲ್ಲೂ ತಲುಪಬಹುದು, ಆದರೆ ಹಿರಿಯರಿದ್ದಾರೆ, ಒಂದು ದಿನದ ಮಟ್ಟಿಗೆ ಕಾರು ಬಾಡಿಗೆಗೆ ಪಡೆಯಿರಿ.

ಟ್ಯುಲಿಪ್ ಬಗ್ಗೆಯೂ ಕೇಳಿದ್ದೀರಿ. ಮೇ ಕೊನೆಗೆ ಅದು ಮುಗಿದಿರುತ್ತದೆ. ಗೆಡ್ಡೆ ಬಲಿಯಲಿ ಎಂದು ರೈತರು ಹೂವಿನ ತಲೆಗಳನ್ನು ಅದಕ್ಕೂ ಮುಂಚೆಯೇ ಕತ್ತರಿಸಿಬಿಡುತ್ತಾರೆ. ಬದಲಿಗೆ ಸಂಜೆಯ ಬೆಳಕಿದೆ. ಆಗ ಒಂಬತ್ತೂವರೆಗೂ ಕತ್ತಲಾಗುವುದಿಲ್ಲ, ಹೊರಡಲು ಧಾವಂತ ಬೇಡ.

ಊಟದ ವಿಷಯ. ಕೆಫೆಗಳಲ್ಲಿ ಗಿಣ್ಣಿನ ಬ್ರೆಡ್ಡು, ಪ್ಯಾನ್‌ಕೇಕ್, ಸೇಬಿನ ಕೇಕು ಎಲ್ಲೆಡೆ ಸಿಗುತ್ತವೆ. ಬಟಾಣಿ ಸೂಪನ್ನು ನಂಬಬೇಡಿ, ಅದರಲ್ಲಿ ಹಂದಿಮಾಂಸ ಇರುವುದೇ ರೂಢಿ. ಕಟ್ಟುನಿಟ್ಟಿನವರಾದರೆ ಗಿಣ್ಣಿಗೆ ಬಳಸಿದ ಹೆಪ್ಪು ಕರುವಿನ ಹೊಟ್ಟೆಯದೇ ಎಂದೂ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಸುಲಭ ಪುಳಿಯೋಗರೆ ಕಟ್ಟಿಕೊಂಡು ಹೋಗುವುದು. ಬೆಂಚುಗಳಿಗೆ ಬರವಿಲ್ಲ, ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಶೌಚಾಲಯ ಮಾತ್ರ ಹಳ್ಳಿಗಳಲ್ಲಿ ಕಡಿಮೆ. ಕೆಫೆ ಕಂಡಲ್ಲಿ ಕಾಫಿಯ ನೆಪದಲ್ಲಿ ಮುಗಿಸಿಕೊಳ್ಳಿ.

ಬಸ್ಸಿಗೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಆದರೆ ಒಬ್ಬರಿಗೆ ಒಂದು ಕಾರ್ಡ್. ನಿಮ್ಮ ಕಾರ್ಡನ್ನೇ ತಂದೆಯವರಿಗಾಗಿ ಎರಡನೆಯ ಸಲ ತಾಗಿಸಿದರೆ ಯಂತ್ರ ನೀವು ಇಳಿದಿರಿ ಎಂದು ತಿಳಿಯುತ್ತದೆ. ಗಾಳಿಗೆ ಕಿವಿ ಮುಚ್ಚುವ ಟೋಪಿ ಅಥವಾ ಶಾಲು ತಾಯಿಯವರ ಚೀಲದಲ್ಲಿರಲಿ. ಮೇ ಬಿಸಿಲು ನೋಡಿ ಮೋಸಹೋಗಬೇಡಿ, ಕಟ್ಟೆಯ ಮೇಲಿನ ಹವೆಯೇ ಬೇರೆ.